ಫಸ್ಟ್ ಸೆಮಿಸ್ಟರ್ ಕೋರ್ಸ್ ರಿಜಿಸ್ಟ್ರೇಷನ್: ಮೊದಲು ಬಾಣ ಹಾಕಿ, ಆಮೇಲೆ ಟೈಮ್‌ಟೇಬಲ್

ಅಕ್ಕನ ಮಗಳು ಈ ವರ್ಷ ಯೂನಿವರ್ಸಿಟಿಗೆ ಸೇರಿದ್ಳು. ರಿಜಿಸ್ಟ್ರೇಷನ್‌ಗೆ ಇನ್ನೊಂದು ವಾರ ಇದೆ ಅನ್ನೋವಾಗ ರಾತ್ರಿ ಹತ್ತೂವರೆಗೆ ಫೋನ್ ಮಾಡಿ "ಮಾಮಾ, ಪೋರ್ಟಲ್ ಓಪನ್ ಆಗತ್ತಂತೆ, ಯಾವ್ ಸಬ್ಜೆಕ್ಟ್ ಈಸಿ ಇರತ್ತೆ ಹೇಳು, ಫ್ರೆಂಡ್ಸೆಲ್ಲ ಒಂದೇ ತರ ತಗೋತಿದಾರೆ" ಅಂದ್ಳು. ನಾನು ಒಂದ್ನಿಮಿಷ ಸುಮ್ನಾದೆ, ಯಾಕಂದ್ರೆ ನಾನೂ ಅವಳ ವಯಸ್ಸಲ್ಲಿ ಇದೇ ಪ್ರಶ್ನೆನೇ ಕೇಳಿದ್ದು, ಅದಕ್ಕೆ ಸಿಕ್ಕಿದ ಉತ್ತರದ ಪ್ರಕಾರನೇ ಮಾಡಿದ್ದು, ಆಮೇಲೆ ಅದರ ಸಾಲ ಮೂರು ವರ್ಷ ತೀರಿಸಿದ್ದು.

ನನ್ನ ಕತೆ ಮೊದ್ಲು ಹೇಳ್ಬಿಡ್ತೀನಿ. ಫಸ್ಟ್ ಸೆಮಿಸ್ಟರಲ್ಲಿ ಒಂದು ಮ್ಯಾಥ್ಸ್ ಕೋರ್ಸ್ ಇತ್ತು, ಅದು ಬೆಳಿಗ್ಗೆ ಎಂಟಕ್ಕೆ, ಕಷ್ಟ ಅಂತ ಹೆಸರು ಬೇರೆ, ನನ್ನ ಜೊತೆಯವರ್ಯಾರೂ ತಗೊಂಡಿರ್ಲಿಲ್ಲ, ಮುಂದಿನ ಸೆಮ್‌ಗೆ ತಗೊಂಡ್ರಾಯ್ತು ಅಂತ ಬಿಟ್ಟೆ. ಮುಂದಿನ ಸೆಮ್‌ನಲ್ಲಿ ನೋಡಿದ್ರೆ ಆ ಕೋರ್ಸ್ ಇಲ್ವೇ ಇಲ್ಲ, ಅದು ವರ್ಷಕ್ಕೆ ಒಂದೇ ಸಲ ನಡೆಯೋದು. ಅದು ಮುಗೀದೆ ಎರಡನೇ ಸೆಮ್‌ನ ಸ್ಟಾಟಿಸ್ಟಿಕ್ಸ್ ತಗೊಳಕ್ಕಾಗಲ್ಲ, ಸ್ಟಾಟಿಸ್ಟಿಕ್ಸ್ ಇಲ್ದೆ ಎರಡನೇ ವರ್ಷದ ಎರಡು ಮುಖ್ಯ ಕೋರ್ಸ್‌ಗೆ ಸಿಸ್ಟಮ್ ಒಳಗೇ ಬಿಡಲ್ಲ. ಒಂದು ಕೋರ್ಸ್ ಆರು ತಿಂಗಳು ಮುಂದಕ್ಕೆ ಹಾಕ್ದೆ ಅನ್ಕೊಂಡಿದ್ದೆ, ಅದರ ಹಿಂದೆ ಕಟ್ಟಿಕೊಂಡಿದ್ದೆಲ್ಲ ಪೂರ್ತಿ ಒಂದು ವರ್ಷ ಹಿಂದಕ್ಕೆ ಹೋಯ್ತು. ಕೊನೇ ವರ್ಷದಲ್ಲಿ ಪ್ರಾಜೆಕ್ಟ್ ಮಾಡೋ ಹೊತ್ತಲ್ಲಿ ನಾನು ನನಗಿಂತ ಚಿಕ್ಕವರ ಜೊತೆ ಎರಡು ಭಾರದ ಕೋರ್ಸ್ ಒಟ್ಟಿಗೆ ಎಳೀತಿದ್ದೆ. ಯಾರೂ ಏನೂ ಮುಚ್ಚಿಟ್ಟಿರ್ಲಿಲ್ಲ, ಡಿಗ್ರಿ ಪ್ಲ್ಯಾನ್ ಅನ್ನೋ ಪಿಡಿಎಫ್‌ನಲ್ಲಿ ಎಲ್ಲಾ ಬರ್ದಿತ್ತು. ಅದನ್ನ ಓದ್ಬೇಕು ಅಂತ ನನಗೆ ಯಾರೂ ಹೇಳಿರ್ಲಿಲ್ಲ ಅಷ್ಟೇ. ಅದಕ್ಕೆ ನಾನೀಗ ಹೇಳ್ತಿದೀನಿ.

ಆ ರಾತ್ರಿ ಅವಳಿಗೆ ಮಾಡ್ಸಿದ ಮೊದಲ ಕೆಲಸ ಇದು. ಒಂದು ದೊಡ್ಡ ಹಾಳೆ ತಗೋ, ಪಾಸಾಗಕ್ಕೆ ಕಡ್ಡಾಯ ಇರೋ ಕೋರ್ಸ್‌ಗಳ ಹೆಸರೆಲ್ಲ ಬರಿ, ಪ್ರತಿಯೊಂದರ ಪ್ರಿರಿಕ್ವಿಸಿಟ್, ಅಂದ್ರೆ ಅದಕ್ಕಿಂತ ಮೊದ್ಲು ಮುಗಿಸಿರ್ಬೇಕಾದ ಕೋರ್ಸ್, ಏನು ಅಂತ ನೋಡಿ ಅದರಿಂದ ಇದಕ್ಕೆ ಒಂದು ಬಾಣ ಹಾಕು. ಕೊನೇ ವರ್ಷದಿಂದ ಶುರು ಮಾಡಿ ಹಿಂದಕ್ಕೆ ಬಾ. ಅರ್ಧ ಗಂಟೆ ಸಾಕು. ಬಾಣ ಹಾಕಿ ಮುಗಿದ್ಮೇಲೆ ಯಾವ ಕೋರ್ಸಿಂದ ಅತಿ ಹೆಚ್ಚು ಬಾಣ ಹೊರಡ್ತಿದೆ, ಯಾವುದರಿಂದ ಹೊರಟ ಸರಪಳಿ ಅತಿ ಉದ್ದ ಇದೆ ಅಂತ ಕಣ್ಣಿಗೇ ಕಾಣತ್ತೆ. ಫಸ್ಟ್ ಸೆಮ್‌ನಲ್ಲಿ ಅವನ್ನ ಮೊದ್ಲು ಹಾಕ್ಕೋಬೇಕು, ಅದು ಬೆಳಿಗ್ಗೆ ಎಂಟಕ್ಕಿದ್ರೂ ಸರಿ, ಫ್ರೆಂಡ್ಸ್ ಯಾರೂ ಇಲ್ದಿದ್ರೂ ಸರಿ. ಬಾಣನೇ ಇಲ್ದೆ ಒಂಟಿಯಾಗಿ ನಿಂತಿರೋ ಕೋರ್ಸ್‌ಗಳು ಎಷ್ಟೇ ಇಷ್ಟ ಆದ್ರೂ ಕಾಯ್ತವೆ, ಅವನ್ನ ಎರಡನೇ ವರ್ಷ ತಗೊಂಡ್ರೂ ಏನೂ ಕೆಡಲ್ಲ. ಇನ್ನೊಂದು ವಿಷಯ, ಪ್ರತಿ ಹೆಸರಿನ ಪಕ್ಕ ಅದು ಯಾವ್ಯಾವ ಸೆಮ್‌ನಲ್ಲಿ ನಡೆಯತ್ತೆ ಅಂತಲೂ ಬರ್ಕೊಳ್ಳಿ. ಎರಡೂ ಸೆಮ್‌ನಲ್ಲಿ ಇರೋದು ತಪ್ಪಿದ್ರೆ ಆರು ತಿಂಗಳು, ವರ್ಷಕ್ಕೊಂದೇ ಸಲ ಇರೋದು ತಪ್ಪಿದ್ರೆ ಒಂದು ವರ್ಷ. ಕೋರಿಕ್ವಿಸಿಟ್ ಅಂತಾನೂ ಕೆಲವಕ್ಕೆ ಇರತ್ತೆ, ಅಂದ್ರೆ ಎರಡನ್ನೂ ಒಟ್ಟಿಗೇ ತಗೋಬೇಕು, ಥಿಯರಿ ಮತ್ತೆ ಅದರ ಲ್ಯಾಬ್ ತರ, ಒಂದನ್ನ ಬಿಟ್ರೆ ಇನ್ನೊಂದನ್ನೂ ಪೋರ್ಟಲ್ ಕಿತ್ತು ಹಾಕತ್ತೆ.

ಆಮೇಲೆ ಕ್ರೆಡಿಟ್. "ಎಷ್ಟು ಕೋರ್ಸ್ ತಗೋಬಹುದು" ಅಂತ ಎಲ್ರೂ ಕೇಳ್ತಾರೆ, "ನನ್ನ ಹತ್ರ ಎಷ್ಟು ಗಂಟೆ ಇದೆ" ಅಂತ ಯಾರೂ ಕೇಳಲ್ಲ. ಕ್ರೆಡಿಟ್ ಅಂದ್ರೆನೇ ಗಂಟೆ. ಅಮೆರಿಕದ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದ್ರೆ ಸುಮಾರು 15 ವಾರದ ಸೆಮಿಸ್ಟರಿನಲ್ಲಿ ವಾರಕ್ಕೆ ಒಂದು ಗಂಟೆ ಕ್ಲಾಸು, ಕ್ಲಾಸಿನ ಹೊರಗೆ ಕಮ್ಮಿ ಅಂದ್ರೂ ಎರಡು ಗಂಟೆ ಓದು. ಯುರೋಪಲ್ಲಿ ಇಸಿಟಿಎಸ್ ಅಂತ ಬೇರೆ ಅಳತೆ, ವರ್ಷಕ್ಕೆ 60 ಕ್ರೆಡಿಟ್, ಒಂದೊಂದಕ್ಕೆ 25ರಿಂದ 30 ಗಂಟೆ ಕೆಲಸ, ಅಂದ್ರೆ ವರ್ಷಕ್ಕೆ 1500ರಿಂದ 1800 ಗಂಟೆ. ಅಳತೆಗೋಲು ಬೇರೆ ಬೇರೆ ಆದ್ರೂ ಕ್ಲಾಸಲ್ಲಿ ಕೂರೋ ಹೊತ್ತಿಗಿಂತ ಹೊರಗೆ ಕೂತು ಮಾಡೋ ಹೊತ್ತು ಜಾಸ್ತಿ ಅನ್ನೋದು ಎರಡರಲ್ಲೂ ಒಂದೇ. ಮೊದಲ ಲೆಕ್ಕನೇ ಹಿಡಿದ್ರೆ 15 ಕ್ರೆಡಿಟ್ ಅಂದ್ರೆ ವಾರಕ್ಕೆ 45 ಗಂಟೆ. ವಾರದಲ್ಲಿ ಇರೋದು 168 ಗಂಟೆ, ದಿನಕ್ಕೆ ಎಂಟರಂತೆ ನಿದ್ದೆಗೆ 56 ಹೋದ್ರೆ 112, ಅದರಲ್ಲಿ ಈ 45 ಹೋದ್ರೆ 67, ಊಟ ಸ್ನಾನ ಓಡಾಟ ಬಟ್ಟೆ ಒಗೆಯೋದು ಅಂತ ದಿನಕ್ಕೆ ನಾಲ್ಕು ಗಂಟೆ ಇಟ್ರೂ 28, ಉಳಿಯೋದು 39. ಪಾರ್ಟ್‌ಟೈಮ್ ಕೆಲಸ 20 ಗಂಟೆ ಇದ್ರೆ ಅಲ್ಲಿಗೆ 19. ಇದರಲ್ಲೇ ಸ್ನೇಹಿತರು, ಆಟ, ಹುಷಾರಿಲ್ದಿರೋ ದಿನ, ಮನೆ ನೆನಪಾಗಿ ಏನೂ ಮಾಡಕ್ಕಾಗ್ದೆ ಕೂತಿರೋ ಸಂಜೆ. ಹೆದರ್ಸಕ್ಕೆ ಹೇಳ್ತಿಲ್ಲ, ಹಾಸಿಗೆ ಎಷ್ಟುದ್ದ ಇದೆ ಅಂತ ಗೊತ್ತಿದ್ರೆ ತಾನೇ ಕಾಲು ಚಾಚೋದು.

ಆದ್ರೆ ಕ್ರೆಡಿಟ್ ಹೊತ್ತನ್ನ ಅಳೆಯತ್ತೆ, ಭಾರನ ಅಳೆಯಲ್ಲ. ಈ ತರ ಗಂಟೆ ಲೆಕ್ಕ ಇಡೋ ಪದ್ಧತಿ ಬೆಳೆದಿದ್ದು 1906ರ ಹೊತ್ತಿಗೆ ಬಂದ ಕಾರ್ನೆಗಿ ಯೂನಿಟ್ ಅನ್ನೋದ್ರಿಂದ, ಅದು ಹೈಸ್ಕೂಲ್ ಪಾಠದ ಗಂಟೆ ಎಣಿಸಕ್ಕೆ ಮಾಡಿದ್ದು, ಅದನ್ನ ತಂದ ಸಂಸ್ಥೆ ಹುಟ್ಟಿದ್ದೇ ಕಾಲೇಜು ಪ್ರೊಫೆಸರ್‌ಗಳಿಗೆ ಪೆನ್ಷನ್ ಕೊಡಕ್ಕೆ. ಕಲಿಕೆ ಎಷ್ಟಾಯ್ತು, ಕಷ್ಟ ಎಷ್ಟಾಯ್ತು ಅಂತ ಅಳೆಯಕ್ಕೆ ಹುಟ್ಟಿದ್ದೇ ಅಲ್ಲ ಅದು. ಹಂಗಾಗಿ 3 ಕ್ರೆಡಿಟ್‌ನ ಪ್ರೋಗ್ರಾಮಿಂಗ್ ಕೋರ್ಸೂ 3 ಕ್ರೆಡಿಟ್‌ನ ಇನ್ನೊಂದು ಕೋರ್ಸೂ ಕಾಗದದ ಮೇಲೆ ಒಂದೇ ಕಂಡ್ರೂ ಬೆನ್ನ ಮೇಲೆ ಒಂದೇ ಅಲ್ಲ. ಲ್ಯಾಬ್ ಅಂತೂ ಮೋಸ ಹೋಗೋ ಜಾಗ, ಒಂದೇ ಕ್ರೆಡಿಟ್ ಅಂತ ಬರ್ದಿರತ್ತೆ, ಎರಡು ಮೂರು ಗಂಟೆ ನಿಂತು ಮಾಡಿ ಮೇಲಿಂದ ರಿಪೋರ್ಟ್ ಬರೀಬೇಕು. ಫಸ್ಟ್ ಸೆಮ್‌ನಲ್ಲಿ ಎರಡು ಲ್ಯಾಬ್ ಒಟ್ಟಿಗೆ ಕಡ್ಡಾಯ ಇದ್ರೆ ಬೇರೆ ಮಾತು, ಆಯ್ಕೆ ನಿಮ್ದೇ ಆಗಿದ್ರೆ ಒಂದು ಸಾಕು. ಲೆಕ್ಕದ ತರ ಸಮಸ್ಯೆ ಬಿಡಿಸೋದು ಒಂದೆರಡು, ತುಂಬಾ ಓದಿ ಬರೆಯೋದು ಒಂದೆರಡು, ಹಂಗೆ ಮಿಶ್ರ ಮಾಡ್ಕೊಳ್ಳಿ. ನಾಲ್ಕಕ್ಕೆ ನಾಲ್ಕೂ ಪ್ರಬಂಧ ಬರೆಯೋ ಕೋರ್ಸ್ ಆದ್ರೆ ಸೆಮ್ ಕೊನೇ ಎರಡು ವಾರ ಉಸಿರಾಡಕ್ಕಾಗಲ್ಲ. ಕಮ್ಮಿ ಮಾಡ್ಕೊಳ್ಳೋಕೆ ಹೋಗಿ ಮಿತಿಗಿಂತ ಕೆಳಗೂ ಇಳೀಬೇಡಿ, ಫುಲ್‌ಟೈಮ್ ಅನ್ನಿಸ್ಕೊಳ್ಳಕ್ಕೆ ಇಂತಿಷ್ಟು ಕ್ರೆಡಿಟ್ ಬೇಕು ಅಂತ ಇರತ್ತೆ, ಸ್ಕಾಲರ್‌ಷಿಪ್ಪು, ಹಾಸ್ಟೆಲ್ಲು, ಹೊರದೇಶದವರಾದ್ರೆ ವೀಸಾ, ಎಲ್ಲಾ ಅದಕ್ಕೇ ಜೋತುಬಿದ್ದಿರಬಹುದು. ಆ ನಂಬರಿಗೆ ಸರಿಯಾಗಿ ಅಂಚಿನ ಮೇಲೆ ನಿಂತ್ರೂ ಕಷ್ಟ, ಮಧ್ಯದಲ್ಲಿ ಒಂದು ಕೋರ್ಸ್ ಬಿಡೋ ಹಾಗೇ ಇರಲ್ಲ.

ಈಗ ಟೈಮ್‌ಟೇಬಲ್ಲು. ನಮ್ಮ ಹುಡುಗಿ ಮೊದ್ಲು ಮಾಡ್ಕೊಂಡು ಬಂದಿದ್ದು ನೋಡಿದ್ರೆ ಸೋಮವಾರ ಬುಧವಾರ ಎರಡೇ ದಿನಕ್ಕೆ ಎಲ್ಲಾ ತುರುಕಿದ್ಳು, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು, ಮಿಕ್ಕ ದಿನ ಫ್ರೀ ಅಂತ ಖುಷಿ. ನಾನು ಜಗಳ ಮಾಡ್ಲಿಲ್ಲ, ಮೂರನೇ ಲೆಕ್ಚರ್ ಮುಗಿಯೋ ಹೊತ್ತಿಗೆ ತಲೆ ಹೆಂಗಿರತ್ತೆ ಯೋಚನೆ ಮಾಡು ಅಂದೆ. ಅಷ್ಟೇ ಅಲ್ಲ, ಎಲ್ಲಾ ಕ್ಲಾಸೂ ಒಂದೇ ದಿನ ಅಂದ್ರೆ ಎಲ್ಲಾ ಸಬ್ಮಿಷನ್ನೂ, ಎಲ್ಲಾ ಕ್ವಿಜ್ಜೂ ಅವೇ ಎರಡು ದಿನ. ಒಂದು ದಿನ ಜ್ವರ ಬಂದು ಮಲಗಿದ್ರೆ ಆ ವಾರದ ಅರ್ಧ ಪಾಠ ಹೋಯ್ತು. ಮತ್ತೆ ಆ ಫ್ರೀ ದಿನಗಳು ಹದಿನೆಂಟು ವರ್ಷದಲ್ಲಿ, ಮೊದಲನೇ ಸಲ ಒಬ್ಬರೇ ಇರುವಾಗ, ಓದಿಗೆ ಸಿಗೋದು ಬಹಳ ಕಮ್ಮಿ, ಯಾವುದೋ ಒಂದು ಕ್ಲಾಸ್ ಬೆಳಿಗ್ಗೆ ಎಬ್ಬಿಸಿ ಹೊರಗೆ ಕರ್ಕೊಂಡು ಬಂದ್ರೆ ಅದರ ಹಿಂದೆ ಲೈಬ್ರರಿಗೂ ಕಾಲು ಹೋಗತ್ತೆ. ಹಂಗಂತ ದಿನಾ ಬೆಳಿಗ್ಗೆ ಎಂಟರ ಕ್ಲಾಸ್ ಹಾಕ್ಕೊಳ್ಳಿ ಅಂತಾನೂ ಹೇಳಲ್ಲ, ಹರೆಯದಲ್ಲಿ ದೇಹದ ಗಡಿಯಾರನೇ ಒಂದಿಷ್ಟು ಹಿಂದಕ್ಕೆ ಸರಿಯತ್ತೆ, ರಾತ್ರಿ ಬೇಗ ನಿದ್ದೆ ಬರಲ್ಲ, ಇದು ಸೋಮಾರಿತನ ಅಲ್ಲ. ಒಂದೇ ಕೋರ್ಸಿಗೆ ಎಂಟರ ಸೆಕ್ಷನ್ನೂ ಹತ್ತರ ಸೆಕ್ಷನ್ನೂ ಇದ್ರೆ ಹತ್ತರದ್ದೇ ತಗೊಳ್ಳಿ. ಎಂಟರದ್ದು ಒಂದೇ ಇದ್ದು ಅದರಿಂದ ಬಾಣ ಹೊರಡ್ತಿದ್ರೆ ಮಾತ್ರ ಏಳ್ಬೇಕು, ಬೇರೆ ದಾರಿ ಇಲ್ಲ.

ವಾರದ ಗ್ರಿಡ್ ಬರೆಯುವಾಗ ಕ್ಲಾಸ್ ಮಾತ್ರ ಬರೀಬೇಡಿ, ಓದೋ ಹೊತ್ತನ್ನೂ ಒಂದು ಡಬ್ಬಿ ಮಾಡಿ ಬರೀರಿ. ಈ ಪೋಸ್ಟಲ್ಲಿ ಒಂದೇ ಒಂದು ವಿಷಯ ನೆನಪಿಟ್ಕೋತೀರ ಅಂದ್ರೆ ಬಾಣದ ಹಾಳೆ, ಎರಡಕ್ಕೆ ಜಾಗ ಇದ್ರೆ ಇದು. ಎರಡು ಕ್ಲಾಸ್ ಮಧ್ಯೆ ಒಂದೂವರೆ ಗಂಟೆ ಗ್ಯಾಪ್ ಇದ್ರೆ ಎಲ್ರೂ ಅಯ್ಯೋ ವೇಸ್ಟ್ ಅಂತಾರೆ, ನನಗೆ ಅದೇ ಚಿನ್ನದಂಥ ಹೊತ್ತು, ಆಗ ತಾನೇ ಕೇಳಿದ ಪಾಠದ ನೋಟ್ಸ್ ಬಿಸಿ ಆರೋ ಮುಂಚೆ ನೋಡ್ಕೊಂಡ್ರೆ ಪರೀಕ್ಷೆ ಟೈಮಲ್ಲಿ ಎಷ್ಟೋ ಉಳಿಯತ್ತೆ. ಒಂದು ಕ್ಲಾಸ್ ಮುಗಿದು ಹತ್ತೇ ನಿಮಿಷಕ್ಕೆ ಇನ್ನೊಂದು ಅಂದ್ರೆ ಎರಡೂ ಕಟ್ಟಡ ಎಲ್ಲೆಲ್ಲಿವೆ ಅಂತ ಮ್ಯಾಪ್ ತೆಗೆದು ನೋಡಿ. ಪರೀಕ್ಷೆ ತಾರೀಖು ಮೊದಲೇ ಹಾಕಿದ್ರೆ ಅದನ್ನೂ ನೋಡಿ, ಕ್ಲಾಸ್ ಕ್ಲ್ಯಾಶ್ ಆಗ್ದಿದ್ರೂ ಕೆಲವು ಸಲ ಪರೀಕ್ಷೆ ಕ್ಲ್ಯಾಶ್ ಆಗತ್ತೆ.

ಕ್ಲ್ಯಾಶ್ ಯಾಕಾಗತ್ತೆ, ಅಷ್ಟು ದೊಡ್ಡ ಯೂನಿವರ್ಸಿಟಿಗೆ ಒಂದು ಟೈಮ್‌ಟೇಬಲ್ ಸರಿಯಾಗಿ ಮಾಡಕ್ಕೆ ಬರಲ್ವಾ ಅಂತ ಬೈಯೋದು ನಾನೂ ಕೇಳಿದೀನಿ. ಆಮೇಲೆ ಅಲ್ಗಾರಿದಮ್ ಓದುವಾಗ ಗೊತ್ತಾಯ್ತು, ಅದು ನಿಜವಾಗ್ಲೂ ಕಷ್ಟದ ಸಮಸ್ಯೆ. ಒಂದೊಂದು ಕೋರ್ಸೂ ಒಂದು ಚುಕ್ಕಿ ಅನ್ಕೊಳ್ಳಿ, ಒಬ್ಬನೇ ವಿದ್ಯಾರ್ಥಿ ಎರಡೂ ಕೋರ್ಸಲ್ಲಿ ಇದ್ರೆ ಆ ಎರಡು ಚುಕ್ಕಿಗೆ ಗೆರೆ ಎಳೀರಿ, ಗೆರೆ ಇರೋ ಎರಡು ಚುಕ್ಕಿಗೆ ಒಂದೇ ಬಣ್ಣ ಬರಬಾರದು, ಬಣ್ಣ ಅಂದ್ರೆ ಟೈಮ್ ಸ್ಲಾಟ್. ಇದನ್ನ ಗ್ರಾಫ್ ಕಲರಿಂಗ್ ಅಂತಾರೆ, ಇದಕ್ಕೆ ಎಲ್ಲಾ ಸಂದರ್ಭದಲ್ಲೂ ಬೇಗ ಉತ್ತರ ಕೊಡೋ ವಿಧಾನ ಇವತ್ತಿಗೂ ಗೊತ್ತಿಲ್ಲ, ಮೇಲಿಂದ ರೂಮು, ಲ್ಯಾಬು, ಪಾಠ ಮಾಡೋರ ಬಿಡುವು ಎಲ್ಲಾ ಸೇರತ್ತೆ. ಹಂಗಾಗಿ ಸಾಮಾನ್ಯವಾಗಿ ಒಂದೇ ಡಿಪಾರ್ಟ್‌ಮೆಂಟಿನ ಒಂದೇ ವರ್ಷದ ಕಡ್ಡಾಯ ಕೋರ್ಸ್‌ಗಳು ಒಂದಕ್ಕೊಂದು ತಾಗ್ದೇ ಇರೋ ತರ ನೋಡ್ಕೋತಾರೆ, ಬೇರೆ ಡಿಪಾರ್ಟ್‌ಮೆಂಟಿನ ಎಲೆಕ್ಟಿವ್ (ನಾವೇ ಆರಿಸ್ಕೊಳ್ಳೋ ಕೋರ್ಸ್) ಜೊತೆ ತಾಗಲ್ಲ ಅಂತ ಯಾರೂ ಗ್ಯಾರಂಟಿ ಕೊಡಲ್ಲ. ಆದ್ರಿಂದ ಕಡ್ಡಾಯದವನ್ನ ಮೊದ್ಲು ಗ್ರಿಡ್‌ಗೆ ಹಾಕಿ, ಆಮೇಲೆ ಅವುಗಳ ಲ್ಯಾಬ್, ಟ್ಯುಟೋರಿಯಲ್, ಖಾಲಿ ಉಳಿದ ಜಾಗದಲ್ಲಿ ಎಲೆಕ್ಟಿವ್ ಹುಡುಕಿ. ಎಲೆಕ್ಟಿವ್ ಇಂದ ಶುರು ಮಾಡಿದ್ರೆ ಪ್ರತಿ ಸಲ ಬಿಚ್ಚಿ ಕಟ್ಟಬೇಕಾಗತ್ತೆ.

ರಿಜಿಸ್ಟ್ರೇಷನ್ ದಿನದ ಬಗ್ಗೆ ಜನ ಅತಿಯಾಗಿ ಹೆದರ್ತಾರೆ, ನಿಜ ಹೇಳ್ಬೇಕು ಅಂದ್ರೆ ಆ ಐದು ನಿಮಿಷದಲ್ಲಿ ಮಾಡೋದು ಏನೂ ಇಲ್ಲ, ಎಲ್ಲಾ ಹಿಂದಿನ ವಾರದಲ್ಲೇ ಆಗಿರ್ಬೇಕು. ಹೋಲ್ಡ್ ಅಂತ ಒಂದಿರತ್ತೆ, ಫೀಸ್ ಬಾಕಿ, ಯಾವುದೋ ಸರ್ಟಿಫಿಕೇಟ್ ಕೊಟ್ಟಿಲ್ಲ, ಅಡ್ವೈಸರ್ ಅಪ್ರೂವ್ ಮಾಡಿಲ್ಲ, ಅದಿದ್ರೆ ಬಟನ್ನೇ ಒತ್ತಕ್ಕಾಗಲ್ಲ. ಅದನ್ನ ಆ ಬೆಳಿಗ್ಗೆ ನೋಡಿ ಆಫೀಸಿಗೆ ಓಡೋದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ, ಒಂದು ವಾರ ಮುಂಚೆನೇ ಲಾಗಿನ್ ಆಗಿ ನೋಡಿ. ಕೋರ್ಸ್ ಹೆಸರಲ್ಲ, ಕೋಡ್ ಮತ್ತೆ ಸೆಕ್ಷನ್ ನಂಬರ್ ಒಂದು ಫೈಲಲ್ಲಿ ಬರ್ದಿಟ್ಕೊಳ್ಳಿ, ಪ್ರತಿಯೊಂದಕ್ಕೂ ಪಕ್ಕದಲ್ಲಿ ಇನ್ನೊಂದು ಸೆಕ್ಷನ್, ಅದೂ ಇಲ್ದಿದ್ರೆ ಇನ್ನೊಂದು ಕೋರ್ಸ್. ಮೊದ್ಲು ಯಾವುದನ್ನ ಒತ್ತಬೇಕು? ತುಂಬಾ ಇಷ್ಟ ಆಗಿರೋದನ್ನಲ್ಲ, ಬಾಣ ಇರೋದ್ರಲ್ಲಿ ಸೀಟು ಅತಿ ಕಮ್ಮಿ ಇರೋದನ್ನ. ಆರು ಸೆಕ್ಷನ್ ಇರೋ ಇಂಗ್ಲಿಷು ಹತ್ತು ನಿಮಿಷ ಬಿಟ್ರೂ ಇರತ್ತೆ, ಒಂದೇ ಸೆಕ್ಷನ್ ಇರೋ ಲ್ಯಾಬ್ ಇರಲ್ಲ. ಬಹಳ ಕಡೆ ಸೀನಿಯರ್‌ಗಳಿಗೆ ಮೊದಲು ಪೋರ್ಟಲ್ ತೆಗೀತಾರೆ, ಫಸ್ಟ್ ಇಯರ್ ಕೊನೆಗೆ, ಆಗ ಅರ್ಧ ಲಿಸ್ಟ್ ಫುಲ್ ಅಂತ ಕೆಂಪಗೆ ಕಾಣತ್ತೆ, ಎದೆ ಒಡ್ಕೋಬೇಡಿ. ಎಲ್ಲಾ ಕಡೆ ಹೀಗೆ ಓಟದ ಪಂದ್ಯ ಇರಲ್ಲ, ಕೆಲವು ಕಡೆ ನಮಗೆ ಬೇಕಾದ್ದನ್ನ ಸಾಲಾಗಿ ಬರ್ದು ಕೊಟ್ರೆ ಕಂಪ್ಯೂಟರ್ ಹಂಚತ್ತೆ. ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯ ವಾರ್ಟನ್ ಸ್ಕೂಲಲ್ಲಿ ಎಂಬಿಎ ಮಕ್ಕಳಿಗೆ 2013ರಿಂದ ಹೀಗೆ ಮಾಡ್ತಿದಾರೆ, ಅರ್ಥಶಾಸ್ತ್ರಜ್ಞ ಎರಿಕ್ ಬುಡಿಷ್ ಕೊಟ್ಟ ಐಡಿಯಾ ಮೇಲೆ ಕಟ್ಟಿದ್ದು. ಬೆರಳಿನ ವೇಗಕ್ಕೆ ಸೀಟು ಕೊಡೋದಕ್ಕಿಂತ ಇದು ಎಷ್ಟೋ ನ್ಯಾಯ ಅಂತ ನನಗನ್ಸತ್ತೆ, ನೆಟ್ ನಿಧಾನ ಇರೋ ಮಗುಗೆ ಮ್ಯಾಥ್ಸ್ ಸಿಗ್ದೇ ಹೋಗೋದು ಯಾವ ಲೆಕ್ಕ?

ವೇಟ್‌ಲಿಸ್ಟ್‌ಗೆ ಬಿದ್ರೆ ಅದರ ನಿಯಮ ಅವತ್ತೇ ಓದಿ. ಕೆಲವು ಕಡೆ ಸೀಟ್ ಖಾಲಿಯಾದ್ರೆ ತಾನೇ ಸೇರಿಸ್ಬಿಡತ್ತೆ, ಕೆಲವು ಕಡೆ ಇಮೇಲ್ ಬರತ್ತೆ, ಇಷ್ಟು ಗಂಟೆ ಒಳಗೆ ಒಪ್ಪಿಕೊಳ್ಳದಿದ್ರೆ ಹಿಂದಿನವರಿಗೆ ಹೋಗತ್ತೆ. ಅದೇ ಹೊತ್ತಿಗೆ ನಿಮ್ಮ ಹತ್ರ ಇನ್ನೊಂದು ಕೋರ್ಸ್ ಇದ್ರೆ ಕ್ಲ್ಯಾಶ್ ಅಂತ ಸೇರಿಸ್ಕೊಳ್ಳದೇನೂ ಇರಬಹುದು, ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ ಅನ್ನೋದು ಅದೇ. ಸೀಟುಗಳು ಹೆಚ್ಚಾಗಿ ಅಲುಗಾಡೋದು ಎರಡು ಸಲ, ಫೀಸ್ ಕಟ್ಟೋ ಕೊನೇ ದಿನ ದಾಟಿದ ಮೇಲೆ, ಮತ್ತೆ ಕ್ಲಾಸ್ ಶುರುವಾದ ಮೊದಲ ವಾರ.

ಆ ಮೊದಲ ವಾರದ ಬಗ್ಗೆ ಇನ್ನೆರಡು ಮಾತು, ಯಾಕಂದ್ರೆ ನಿಜವಾದ ರಿಜಿಸ್ಟ್ರೇಷನ್ ಮುಗಿಯೋದು ಆಗ. ಆಡ್-ಡ್ರಾಪ್ ಅಂತ ಒಂದೆರಡು ವಾರ ಕೊಡ್ತಾರೆ, ಅದರೊಳಗೆ ಬಿಟ್ರೆ ಆ ಕೋರ್ಸ್ ನಿಮ್ಮ ದಾಖಲೆಯಲ್ಲೇ ಇರಲ್ಲ. ಅದು ದಾಟಿದ ಮೇಲೆ ಬಿಡೋದನ್ನ ವಿತ್‌ಡ್ರಾ ಅಂತಾರೆ, ಬಹಳ ಕಡೆ ಮಾರ್ಕ್ಸ್‌ಕಾರ್ಡಲ್ಲಿ ಡಬ್ಲ್ಯೂ ಅಂತ ನಿಲ್ಲತ್ತೆ, ಫೀಸೂ ವಾಪಸ್ ಬರಲ್ಲ ಅಥವಾ ಪೂರ್ತಿ ಬರಲ್ಲ. ಕ್ಲಾಸಿಗೆ ಹೋಗೋದು ನಿಲ್ಲಿಸಿದ್ರೆ ಬಿಟ್ಟ ಹಾಗೆ ಅಂತ ಎಷ್ಟೋ ಮಕ್ಕಳು ತಿಳ್ಕೊಂಡಿರ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಹೆಸರು ಲಿಸ್ಟಲ್ಲಿ ಹಾಗೇ ಇರತ್ತೆ, ಸೆಮ್ ಕೊನೆಗೆ ಫೇಲ್ ಅಂತ ಬರತ್ತೆ. ನನ್ನ ಪಕ್ಕದ ರೂಮಿನ ಹುಡುಗನಿಗೆ ಹೀಗೇ ಆಯ್ತು, ಅವನು ಆ ಕೋರ್ಸ್ ಮರೆತೇ ಹೋಗಿದ್ದ, ರಿಸಲ್ಟ್ ದಿನ ಅವನ ಮುಖ ನನಗೆ ಇನ್ನೂ ನೆನಪಿದೆ. ಮೊದಲ ಕ್ಲಾಸಲ್ಲಿ ಸಿಲಬಸ್ ಕೊಟ್ರೆ ಕೊನೇ ಪುಟ ಮೊದ್ಲು ನೋಡಿ, ಯಾವ ತಾರೀಖಿಗೆ ಏನು ಕೊಡ್ಬೇಕು, ಯಾವುದಕ್ಕೆ ಎಷ್ಟು ಮಾರ್ಕ್ಸು, ಎಲ್ಲಾ ಕೋರ್ಸಿನದ್ದೂ ಒಂದೇ ಹಾಳೆಗೆ ಇಳಿಸಿ. ಮೂರು ಮಿಡ್‌ಟರ್ಮ್ ಒಂದೇ ವಾರದಲ್ಲಿ ಬಿದ್ದಿದ್ರೆ ಎರಡನೇ ವಾರದಲ್ಲೇ ಗೊತ್ತಾಗತ್ತೆ, ಇನ್ನೂ ಬದಲಾಯಿಸಕ್ಕೆ ದಿನ ಇರತ್ತೆ.

ಅಡ್ವೈಸರ್ ಹತ್ರ ಹೋಗುವಾಗ "ನಾನೇನ್ ತಗೊಳ್ಳಿ" ಅಂತ ಖಾಲಿ ಕೈಲಿ ಹೋಗ್ಬೇಡಿ, ಅವರ ಹಿಂದೆ ಸಾಲಲ್ಲಿ ನೂರು ಜನ ಇರ್ತಾರೆ, ಹದಿನೈದು ನಿಮಿಷ ಸಿಗತ್ತೆ. ಬಾಣದ ಹಾಳೆ ಮುಂದಿಟ್ಟು "ಈ ಸರಪಳಿ ಸರಿ ಇದ್ಯಾ, ಈ ಕೋರ್ಸ್ ಮುಂದಿನ ಸೆಮ್‌ನಲ್ಲೂ ನಡೆಯತ್ತಾ, ನಾನು ಮೇಜರ್ (ಮುಖ್ಯ ವಿಷಯ) ಬದಲಾಯಿಸಿದ್ರೆ ಇದ್ರಲ್ಲಿ ಯಾವುದು ಲೆಕ್ಕಕ್ಕೆ ಉಳಿಯತ್ತೆ" ಅಂತ ಕೇಳಿ. ಮೂರನೇ ಪ್ರಶ್ನೆ ಮರೀಬೇಡಿ, ಹದಿನೆಂಟರಲ್ಲಿ ಮನಸ್ಸು ಬದಲಾಗೋದು ತಪ್ಪಲ್ಲ.

ಇಷ್ಟೆಲ್ಲಾ ಕಡ್ಡಾಯ ಸರಪಳಿ ಅಂದ್ಮೇಲೆ ನಮಗೆ ಇಷ್ಟ ಬಂದಿದ್ದು ಓದಕ್ಕೆ ಜಾಗನೇ ಇಲ್ವಾ ಅಂತ ಅವಳು ಕೇಳಿದ್ಳು, ಸ್ವಲ್ಪ ಬೇಜಾರಾಗೇ ಕೇಳಿದ್ಳು. ಇದೆ. ಹಾರ್ವರ್ಡ್‌ಗೆ 1869ರಲ್ಲಿ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್ ಅನ್ನೋರು ನಲವತ್ತು ವರ್ಷ ಆ ಕುರ್ಚಿಯಲ್ಲಿದ್ದು, ಎಲ್ರಿಗೂ ಒಂದೇ ಪಾಠ ಅನ್ನೋದನ್ನ ಮುರಿದು ವಿದ್ಯಾರ್ಥಿನೇ ಆರಿಸ್ಕೊಳ್ಳೋ ಎಲೆಕ್ಟಿವ್ ಪದ್ಧತಿಯನ್ನ ಬೆಳೆಸಿದ್ರು, ಅದಕ್ಕೆ ಆಗ ವಿರೋಧನೂ ಜೋರಾಗೇ ಇತ್ತು. ಹಂಗೆ ಬಂದ ಒಂದು ಖಾಲಿ ಜಾಗನ ಬರೀ ಮಾರ್ಕ್ಸ್ ಬರತ್ತೆ ಅಂತ ಈಸಿ ಕೋರ್ಸ್‌ನಿಂದ ತುಂಬೋದು ನನಗೆ ಸಂಕಟ ಆಗತ್ತೆ. ನಾಲ್ಕೈದು ಕೋರ್ಸಲ್ಲಿ ಒಂದಾದ್ರೂ ರಾತ್ರಿ ಓದುವಾಗ ಗಡಿಯಾರ ನೋಡ್ಬೇಕು ಅನ್ನಿಸದೇ ಇರೋದು ಇರ್ಲಿ. ಮಿಕ್ಕವು ಭಾರ ಆದಾಗ ಅದೇ ಕೈ ಹಿಡಿಯೋದು.

ಮೊನ್ನೆ ಅವಳ ರಿಜಿಸ್ಟ್ರೇಷನ್ ಆಯ್ತು. ಮ್ಯಾಥ್ಸ್ ಹತ್ತು ಗಂಟೆ ಸೆಕ್ಷನ್‌ನಲ್ಲಿ ಸಿಕ್ತು, ಲ್ಯಾಬ್ ಮಂಗಳವಾರ ಮಧ್ಯಾಹ್ನ, ಎರಡು ದಿನದ ಟೈಮ್‌ಟೇಬಲ್ ನಾಲ್ಕು ದಿನಕ್ಕೆ ಹರಡ್ಕೊಂಡಿದೆ. ಫ್ರೆಂಡ್ಸಲ್ಲಿ ಒಬ್ಳು ಮಾತ್ರ ಒಂದೇ ಕ್ಲಾಸಲ್ಲಿದಾಳೆ. ಇಷ್ಟಪಟ್ಟು ಹಾಕಿದ್ದು ಖಗೋಳಶಾಸ್ತ್ರ, ಅದೊಂದೇ ಸಿಗ್ಲಿಲ್ಲ, ವೇಟ್‌ಲಿಸ್ಟ್‌ನಲ್ಲಿ 4ನೇ ನಂಬರ್. ಹೆಸರು ಬರೋವರೆಗೂ ಕಾಯಲ್ಲ ಮಾಮಾ, ಪ್ರೊಫೆಸರ್ ಹತ್ರ ಕೇಳ್ಕೊಂಡು ಮೊದಲ ದಿನದಿಂದನೇ ಹಿಂದಿನ ಬೆಂಚಲ್ಲಿ ಹೋಗಿ ಕೂತ್ಕೋತೀನಿ ಅಂದ್ಳು.